ಜೊಂಡು ಸೋಸಿದ ನೀರು

ನಮ್ಮ ಕೆಳಪೇಟೆಯಲ್ಲಿ ಯಾರಾದರೂ ಯಾರಿಗಾದರೂ ಚುಚ್ಚಿ ಮಾತಾಡಿದರೆ, ಆಡಿದವರು ಕೊನೆಗೆ “ನೀರು” ಅನ್ನುತ್ತಿದ್ದರು. ಅನ್ನಿಸಿಕೊಂಡವರು “ಹರೀಲಿ” ಅನ್ನಬೇಕು. ಅಲ್ಲಿಗೆ ಮುಗಿಯಿತು. ಆಮೇಲೂ ಮುಖ ಊದಿಸಿಕೊಂಡು ಕೂತವರನ್ನು ಇಡೀ ಬೀದಿ ಬೈಯುತ್ತಿತ್ತು. ಸಿಟ್ಟು, ಸೆಡವು, ಕೆಟ್ಟದ್ದೆಲ್ಲ ಹೊಳೆಯ ಮೇಲ್ಗಡೆ ಇರುವ ಮೇಲ್ಪೇಟೆಯಿಂದ ನೀರಿನಲ್ಲಿ ಬರುವಂಥದ್ದು, ಅದರಲ್ಲಿ ನಮ್ಮದೇನಿದೆ? ಅಲ್ಲಿಯ ಹೆಂಗಸರು ಮೆಟ್ಟಿಲ ಮೇಲೆ ಬಟ್ಟೆ ಒಗೆಯುತ್ತ ಜಗಳವಾಡಿದರೆ ಸಂಜೆಯ ಹೊತ್ತಿಗೆ ನಮ್ಮಲ್ಲಿ ತಟ್ಟೆಗಳು ಹಾರುತ್ತಿದ್ದವು. ಅಲ್ಲಿ ಯಾರದೋ ಮದುವೆಯಾದರೆ ಇಲ್ಲಿ ಮುದುಕಿಯರು ಕಾರಣವಿಲ್ಲದೆ ಸೋಬಾನೆ ಶುರುಮಾಡುತ್ತಿದ್ದರು. ಬಾವಿ ತೋಡಿ ನೋಡಿದವರೂ ಇದ್ದರು. ಬಾವಿಗೂ ಹೊಳೆಯ ನೀರೇ ಬಸಿದು ಬರುತ್ತಿತ್ತು.

ಬೀದಿಯ ತುದಿಯಲ್ಲಿ ಹಲಗಮ್ಮಜ್ಜಿಯ ಗುಡಿಸಲು. ಅವಳಿಗೆ ತನ್ನದು ಅಂತ ಸಿಟ್ಟಿರಲಿಲ್ಲ, ಆಸೆಯಿರಲಿಲ್ಲ, ಯಾರ ಮೇಲೂ ಏನೂ ಇರಲಿಲ್ಲ. ಎಲ್ಲರೂ ಅವಳನ್ನು ಸಪ್ಪೆ ಅಜ್ಜಿ ಅನ್ನುತ್ತಿದ್ದರು. ತೊಳೆದಿಟ್ಟ ಪಾತ್ರೆಯಲ್ಲಿ ನೀರಿನ ಬಣ್ಣ ಸರಿಯಾಗಿ ಕಾಣುತ್ತದಲ್ಲ, ಹಾಗೆ ಅವಳ ಮುಖದಲ್ಲಿ ಅವತ್ತಿನ ನೀರು ಕಾಣುತ್ತಿತ್ತು. ಕೊಡ ಹೊತ್ತ ಹೆಂಗಸರು ನಿಂತು “ಏನಜ್ಜಿ ಇವತ್ತು?” ಅಂತ ಕೇಳುತ್ತಿದ್ದರು. “ಯಾರೋ ಅತ್ತೇನ ಶಪಿಸ್ತಾವ್ಳೆ ಕಣವ್ವ, ಮೆಣಸಿನಕಾಯಿ ಕಮ್ಮಿ ಹಾಕಿ,” ಅನ್ನುತ್ತಿದ್ದಳು. ಅವತ್ತು ಬೀದಿಯವರೆಲ್ಲ ಸಾರಿಗೆ ಖಾರ ಕಮ್ಮಿ ಹಾಕುತ್ತಿದ್ದೆವು.

ನಮ್ಮದು ನೂಲಿಗೆ ಬಣ್ಣ ಹಾಕುವ ಮನೆ. ಬೇರು ಕುದಿಸಿ ತೆಗೆಯುವ ಕೆಂಪಿಗೆ ನಮ್ಮ ಅವ್ವ ಗೌರಮ್ಮನ ಕೈ ಅಂದರೆ ಸುತ್ತಮುತ್ತ ಹೆಸರಿತ್ತು. ಹಿತ್ತಲಲ್ಲಿ ಅರ್ಧ ನೆಲದಲ್ಲಿ ಹೂತ, ಬಣ್ಣದ ನೀರಿನ ದೊಡ್ಡ ಬಾನಿ, ಅದರ ಪಕ್ಕ ಅವ್ವನ ಮಣೆ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟೆ. ಮೇಷ್ಟ್ರು ಎಬ್ಬಿಸಿ ನಿಲ್ಲಿಸಿ ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದರೂ ನನ್ನ ಗಂಟಲಿನಿಂದ ದನಿ ಬರುತ್ತಿರಲಿಲ್ಲ. ಬಾನಿ ಮಾತಾಡಿಸುವುದಿಲ್ಲವಲ್ಲ ಅಂತ ಸಂತೋಷದಿಂದ ಮನೆಯಲ್ಲಿ ಉಳಿದೆ. ಸೌದೆ ತಂದೆ, ಬೇರು ಜಜ್ಜಿದೆ, ಹಿಂಡಿದ ನೂಲನ್ನು ಗಳಕ್ಕೆ ಹಾಕಿ ಒಣಗಿಸಿದೆ. ಮಣೆಯ ಮೇಲೆ ಕೂತು ನೂಲು ಅದ್ದುವುದು ಮಾತ್ರ ಅವ್ವನ ಕೆಲಸ. ಅವಳಾದ ಮೇಲೆ ನನ್ನದೇ ಅಂತ ನಾನು ಅಂದುಕೊಂಡಿದ್ದೆ. ಅದನ್ನು ಯಾರಿಗೂ ಹೇಳಿರಲಿಲ್ಲ. ಇಂಥದ್ದನ್ನು ಹೇಳಬೇಕಾಗುತ್ತದೆ ಅಂತಲೂ ಗೊತ್ತಿರಲಿಲ್ಲ.

ನನ್ನ ಅಣ್ಣ ಗವಿಯಪ್ಪ ಮೇಲ್ಪೇಟೆಯಿಂದ ಹೆಣ್ಣು ತಂದ. ವಾರಿಜ ಅಂತ ಹೆಸರು. ಅತ್ತಿಗೆ ಬಂದ ಮಾರನೆಯ ದಿನ ನೋಡಲು ಬಂದ ಎದುರುಮನೆಯ ಚಂದ್ರವ್ವ ಅವಳ ಕಿವಿಯೋಲೆ ಹಿಡಿದು ನೋಡಿ, “ಮೇಲ್ಪೇಟೆಯೋರು ಹಿತ್ತಾಳೆ ಕೊಟ್ಟು ಮಗಳನ್ನ ಸಾಗ್ಹಾಕವ್ರೆ,” ಅಂದಳು. ತಕ್ಷಣ “ನೀರು” ಅಂದಳು. ಅತ್ತಿಗೆ ಒಳಗೆ ಹೋಗಿ ಒಂದು ಚೊಂಬು ನೀರು ತಂದು ಚಂದ್ರವ್ವನ ಕೈಗೆ ಕೊಟ್ಟಳು, ಜೊತೆಗೆ ಒಂದು ತುಂಡು ಬೆಲ್ಲ. ಮನೆಯಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಅವ್ವ ಕಂಬ ಹಿಡಿದುಕೊಂಡು ಕೆಳಗೆ ಕೂತು ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಹುಟ್ಟಿದಾಗಿನಿಂದ ಅವಳ ಜೊತೆಗಿದ್ದವಳು ನಾನು. ಅವ್ವನಿಗೆ ಅಷ್ಟು ನಗು ಇದೆ ಅಂತ ನನಗೆ ಅವತ್ತೇ ಗೊತ್ತಾದದ್ದು. ಬಾಗಿಲ ಹಿಂದೆ ನಿಂತಿದ್ದೆ. ಹೊಟ್ಟೆಯೊಳಗೆ ಯಾರೋ ಕೆಂಡ ತಂದು ಇಟ್ಟ ಹಾಗಾಯಿತು.

ನೀರಿನದು ಅಂದುಕೊಂಡೆ. ಬೇರೆ ಏನು ಅಂದುಕೊಳ್ಳಲು ಬರುತ್ತಿತ್ತು?

ಆದರೆ ಉಳಿದವರಿಗೆ ಬಂದದ್ದು ಒಂದೆರಡು ದಿನಕ್ಕೆ ಹರಿದು ಹೋಗುತ್ತಿತ್ತು. ಈ ಕೆಂಡ ಹೋಗಲಿಲ್ಲ. ಅತ್ತಿಗೆ ಜೋರಾಗಿ ಆಕಳಿಸಿದರೂ ಉರಿಯುತ್ತಿತ್ತು. ಅವ್ವ ಅವಳ ಜಡೆಗೆ ಎಣ್ಣೆ ಹಚ್ಚಿದರೆ ನನ್ನ ನೆತ್ತಿ ಉರಿಯುತ್ತಿತ್ತು. ಅತ್ತಿಗೆ ಹತ್ತನೇ ಕ್ಲಾಸು ಪಾಸಾದವಳು. ಬಸ್ಸಿನ ಬೋರ್ಡು, ಔಷಧಿ ಬಾಟಲಿ, ಹಳೇ ಪೇಪರಿನ ಪೊಟ್ಟಣ ಎಲ್ಲವನ್ನೂ ಗಟ್ಟಿಯಾಗಿ ಓದುತ್ತಿದ್ದಳು. ಅವ್ವ ಬಾಯಿ ತೆರೆದು ಕೇಳುತ್ತಿದ್ದಳು. ನನಗೂ ಓದಲು ಬರುತ್ತಿತ್ತು. ಅವ್ವ ನನ್ನನ್ನು ಯಾವತ್ತೂ ಓದು ಅಂದಿರಲಿಲ್ಲ. ಸಾರು ಇಳಿಸಿದ ಮೇಲೆ ಮೊದಲು ಅಂಗೈಗೆ ಹಾಕಿ ಉಪ್ಪು ನೋಡುವವಳು ನಾನಾಗಿದ್ದೆ. ಒಂದು ದಿನ ಸೌಟು ನನ್ನ ಕೈಯನ್ನು ದಾಟಿಕೊಂಡು ಅತ್ತಿಗೆಯ ಅಂಗೈಗೆ ಹೋಯಿತು. ಅವ್ವನಿಗೆ ಅದು ಗೊತ್ತೇ ಆಗಲಿಲ್ಲ. ನಾನು ಚಾಚಿದ್ದ ಕೈಯನ್ನು ಲಂಗಕ್ಕೆ ಒರೆಸಿಕೊಂಡೆ.

ಆಮೇಲೆ ಅವ್ವನಿಗೆ ಭುಜದ ನೋವು ಬಂತು. ನೂಲಿನ ಲಡಿ ಎತ್ತಲು ಆಗಲಿಲ್ಲ. ನಾನು ಬಾನಿಯ ಪಕ್ಕದಲ್ಲೇ ಸೌದೆ ದೂಡುತ್ತಿದ್ದೆ. ಅವ್ವ ನನ್ನ ತಲೆಯ ಮೇಲಿಂದ ಅಡುಗೆಮನೆಯ ಕಡೆ ನೋಡಿ, “ವಾರಿಜಾ, ಬಾವ್ವ ಇಲ್ಲಿ, ಮಣೆ ಮೇಲೆ ಕೂತ್ಕೊ,” ಅಂತ ಕರೆದಳು.

ಅವತ್ತು ಸಂಜೆ ಅತ್ತಿಗೆ ಕೆಂಪಾದ ಕೈಗಳನ್ನು ನನಗೆ ತೋರಿಸಲು ಬಂದಳು. “ನೋಡು ದೇವೀರಿ, ಮದುವಣಗಿತ್ತಿ ಥರ ಆಗೋಯ್ತು!”

“ಕಟುಕನ ಕೈಯಿದ್ದಂಗಿದೆ,” ಅಂದೆ.

ಅವಳ ಮುಖ ಇಳಿಯಿತು. “ನೀರು,” ಅಂದೆ. ಇಷ್ಟು ದಿನದಲ್ಲಿ ಅವಳೂ ಕಲಿತಿದ್ದಳು. ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು “ಹರೀಲಿ” ಅಂದಳು. ಹೊರಟವಳು ತಿರುಗಿ ನೋಡಿದಳು.

ಆ ದಿನಗಳಲ್ಲಿ ನಾನು ಮೇಲ್ಪೇಟೆಯಲ್ಲಿ ಒಬ್ಬಳು ಹುಡುಗಿಯನ್ನು ಕಲ್ಪಿಸಿಕೊಂಡಿದ್ದೆ. ಅವಳೂ ಬಾಗಿಲ ಹಿಂದೆ ನಿಲ್ಲುವವಳು. ಅವಳ ಮನೆಗೂ ಒಬ್ಬ ಅತ್ತಿಗೆ ಬಂದಿದ್ದಾಳೆ. ಅವಳು ದಿನಾ ಬೆಳಿಗ್ಗೆ ಹೊಳೆಯಲ್ಲಿ ಮುಖ ತೊಳೆದು ತನ್ನ ಉರಿಯನ್ನೆಲ್ಲ ನಮ್ಮ ಕಡೆ ಬಿಡುತ್ತಾಳೆ, ತಾನು ತಣ್ಣಗಿರುತ್ತಾಳೆ. ಅವಳು ಸಿಕ್ಕರೆ ಜಡೆ ಹಿಡಿದು ಕೇಳಬೇಕು ಅನ್ನಿಸುತ್ತಿತ್ತು. ಒಂದು ಸಲ ಅತ್ತಿಗೆಯನ್ನೇ ಕೇಳಿದೆ. “ನಿಮ್ ಪೇಟೇಲಿ ಯಾರಿಗಾದ್ರೂ ಅತ್ತಿಗೆ ಕಂಡ್ರೆ ಆಗಲ್ವಾ?”

“ಯಾರಿಗಾಗ್ತದೆ ಹೇಳು?” ಅಂತ ನಕ್ಕಳು. ನಗುತ್ತಲೇ ನನ್ನ ಮುಖ ನೋಡಿದಳು. ನಾನು ಬೇರು ಜಜ್ಜಲು ಎದ್ದು ಹೋದೆ.

ಮೇಲ್ಪೇಟೆಗೂ ನಮಗೂ ನಡುವೆ ಹಿಂದೆ ಒಂದು ಜೌಗು ಇತ್ತಂತೆ. ಹೊಳೆ ಅಲ್ಲಿ ಹರಡಿ, ಜೊಂಡಿನ ಬುಡದಲ್ಲಿ ನಿಂತು ನಿಂತು, ಏನೂ ಹೊತ್ತುಕೊಳ್ಳದೆ ಬರಿಗೈಯಲ್ಲಿ ಕೆಳಗಿಳಿಯುತ್ತಿತ್ತಂತೆ. ನಮ್ಮ ಅಜ್ಜಿಯ ಕಾಲದಲ್ಲಿ ಇಟ್ಟಿಗೆ ಗೂಡು ಹಾಕುತ್ತೇವೆ ಅಂತ ಅದನ್ನು ಮುಚ್ಚಿ, ಹೊಳೆಯನ್ನು ನೆಟ್ಟಗೆ ಕಾಲುವೆ ಮಾಡಿದರು. ಗೂಡುಗಳು ಕುಸಿದು ಎಷ್ಟೋ ಕಾಲವಾಗಿತ್ತು. ಆ ವರ್ಷ ಬೇಸಿಗೆಯಲ್ಲಿ ಪಾಪಣ್ಣ ಮೇಸ್ತ್ರಿ ಬೀದಿಗೆ ಬಂದು, ಕಾಲುವೆಯ ಏರಿ ಒಡೆದು ಮತ್ತೆ ಜೌಗು ಮಾಡುತ್ತಾರೆ, ಜೊಂಡು ನೆಡಲು ಹೆಂಗಸರು ಬೇಕು ಅಂದ. ಜನ ಗೊಣಗಿದರು. ಯಾರೋ ಕೂಲಿ ಕೇಳಿದರು, ಯಾರೋ ಹಾವಿನ ಮಾತೆತ್ತಿದರು. ಅಲ್ಲಿಯವರೆಗೆ ಯಾವ ಸಭೆಯಲ್ಲೂ ಬಾಯಿ ತೆರೆಯದ ನಾನು “ನಾ ಬತ್ತೀನಿ” ಅಂದೆ. ಅವ್ವ ತಿರುಗಿ ನೋಡಿದಳು.

ಆ ಕೆಲಸದಲ್ಲಿ ನನ್ನಷ್ಟು ದುಡಿದವಳು ಇನ್ನೊಬ್ಬಳಿಲ್ಲ. ಮೊಣಕಾಲು ಮಟ್ಟದ ಕೆಸರಿನಲ್ಲಿ ಬಗ್ಗಿ, ಜೊಂಡಿನ ಗೆಡ್ಡೆಯನ್ನು ಹೆಬ್ಬೆರಳಿನಿಂದ ಒತ್ತುವಾಗ ಒಂದೇ ಯೋಚನೆ. ಇದು ಬೇರು ಬಿಡಲಿ, ಆ ಮೇಲಿನ ಹುಡುಗಿಯ ಉರಿಯನ್ನು ಇಲ್ಲೇ ತಡೆಯಲಿ, ನಾನು ನಮ್ಮ ಅತ್ತಿಗೆಯನ್ನು ಬರಿಯ ಅತ್ತಿಗೆ ಅಂತ ನೋಡುವ ಹಾಗಾಗಲಿ. ಅತ್ತಿಗೆ ಮಧ್ಯಾಹ್ನ ಬುತ್ತಿ ತಂದರೆ ನಾನು ಬೇರೆ ಹೆಂಗಸರ ಜೊತೆ ಹಂಚಿಕೊಂಡು ತಿನ್ನುತ್ತಿದ್ದೆ. ಇನ್ನು ಸ್ವಲ್ಪ ದಿನ, ಆಮೇಲೆ ನಿನ್ನ ಜೊತೆಗೇ ತಿನ್ನುತ್ತೇನೆ ಅಂತ ಮನಸ್ಸಿನಲ್ಲೇ ಹೇಳುತ್ತಿದ್ದೆ.

ಮಳೆ ಹಿಡಿದು ಜೌಗು ತುಂಬಿದ ಮೇಲೆ ನೀರು ಮೊದಲಿಗಿಂತ ಕೆಟ್ಟಿತು. ಟೀ ಡಿಕಾಕ್ಷನ್ನಿನ ಬಣ್ಣದ ನೀರು. ಅದರಲ್ಲಿ ಅದ್ದಿದ ಕೆಂಪು ಹಳೇ ಇಟ್ಟಿಗೆಯಂತೆ ಮಂಕಾಯಿತು. ನೂಲಿನ ಕಥೆ ಹಾಗಾದರೆ ಜನರ ಕಥೆ ಇನ್ನೂ ವಿಚಿತ್ರ. ಜೌಗಿನ ಮಣ್ಣು ತಾನು ಅಷ್ಟು ಕಾಲ ಹಿಡಿದಿಟ್ಟುಕೊಂಡಿದ್ದನ್ನೆಲ್ಲ ಬಿಟ್ಟಿತು. ಮೀಸೆ ಚಿಗುರದ ಹುಡುಗರು ಯಾವುದೋ ಕಾಲದ ಎತ್ತು ಸತ್ತಿತು ಅಂತ ಅತ್ತರು. ಚಂದ್ರವ್ವನ ಗಂಡ ನಾಟಕ ಕಂಪನಿಯ ಯಾವಳನ್ನೋ ನೆನೆದು ಮೂರು ಹೊತ್ತೂ ನಿಟ್ಟುಸಿರು ಬಿಟ್ಟ. ಆ ಕಂಪನಿ ಅವನು ಹುಟ್ಟುವ ಮೊದಲೇ ಊರು ಬಿಟ್ಟಿತ್ತು. “ಯಾರ್ಲೇ ಅವ್ಳು?” ಅಂತ ಚಂದ್ರವ್ವ ಪೊರಕೆ ಹಿಡಿದರೆ, “ನಂಗೇನ್ ಗೊತ್ತೇ, ನೀರು ಕಣೇ ನೀರು!” ಅಂತ ಓಡಿದ. ನಮ್ಮ ಅವ್ವ ತನಗಿಲ್ಲದ ಮಲತಾಯಿಯನ್ನು ಬೈದಳು. ಹಲಗಮ್ಮಜ್ಜಿಯಂತೂ ಒಂದೇ ದಿನದಲ್ಲಿ ನಕ್ಕು, ಅತ್ತು, ನಾಚಿ ಸುಸ್ತಾಗಿ ಮಲಗಿಬಿಡುತ್ತಿದ್ದಳು.

“ಹಳೇದೆಲ್ಲ ಕಳಚ್ತಾ ಇದೆ,” ಅಂದ ಮೇಸ್ತ್ರಿ. “ಹೂತಿಟ್ಟಿದ್ದು ನೀರು ನಿಂತ್ರೆ ಎದ್ದು ಬರ್ತದೆ. ಒಂದು ಮಳೆಗಾಲ ತಡ್ಕೊಳ್ಳಿ.”

ಆ ಮಳೆಗಾಲ ನನಗೆ ಹಬ್ಬ. ಬೀದಿಯವರೆಲ್ಲ ದಿನವಿಡೀ “ನೀರು” “ಹರೀಲಿ” ಅನ್ನುತ್ತಿದ್ದಾಗ ನನ್ನದೂ ಅದರೊಳಗೆ ಸೇರಿಹೋಯಿತು. ಅತ್ತಿಗೆಗೆ ಹೇಳಬೇಕಾದದ್ದನ್ನೆಲ್ಲ ಹೇಳಿದೆ. ನಿನ್ನ ನಗು ಕೊಡ ಉರುಳಿದಂಗಿದೆ ಅಂದೆ, ನಿನ್ನ ಓದು ಯಾರಿಗೆ ಬೇಕು ಅಂದೆ, ನೀನು ಬಂದ ಮೇಲೆ ಬಾನಿ ಕೆಟ್ಟಿತು ಅಂದೆ. ಒಂದೊಂದಕ್ಕೂ “ನೀರು” ಅಂದೆ. ಒಂದೊಂದಕ್ಕೂ ಅವಳು “ಹರೀಲಿ” ಅಂದಳು. ಬರಬರುತ್ತ ಅದನ್ನು ಕಸ ಗುಡಿಸಿ ಹೊರಗೆ ಹಾಕಿದ ಹಾಗೆ, ನನ್ನ ಕಡೆ ನೋಡದೆ ಅನ್ನುತ್ತಿದ್ದಳು.

ಮಳೆ ನಿಂತಿತು. ಚಳಿ ಬರುವ ಹೊತ್ತಿಗೆ ನೀರು ತಿಳಿಯಾಯಿತು. ಬಾನಿಗೆ ಸುರಿದರೆ ತಳದ ಬಿರುಕು ಕಾಣುವಷ್ಟು ತಿಳಿ. ಅತ್ತಿಗೆ ಅದ್ದಿದ ಮೊದಲ ಲಡಿಯನ್ನು ನಾನೇ ಗಳಕ್ಕೆ ಹಾಕಿದೆ. ಅಂಥ ಕೆಂಪನ್ನು ಅವ್ವನೂ ತೆಗೆದಿರಲಿಲ್ಲ. ಬೀದಿಯವರು ಬಂದು ನೋಡಿದರು. “ಏನು ಕೈ ಗೌರಕ್ಕ ನಿನ್ ಸೊಸೇದು!” ಅಂದರು. ನೀರು ಒಳ್ಳೆಯದಾದರೆ ಯಾರು ಅದ್ದಿದರೂ ಬಣ್ಣ ಏಳುತ್ತದೆ ಅಂತ ಯಾರೂ ಅನ್ನಲಿಲ್ಲ. ನಾನೂ ಅನ್ನಲಿಲ್ಲ.

ಬೀದಿ ಮೆತ್ತಗಾಯಿತು. ಜನ ಒಬ್ಬರನ್ನೊಬ್ಬರು ಹೊಸಬರ ಹಾಗೆ ನೋಡತೊಡಗಿದರು. ಹಲಗಮ್ಮಜ್ಜಿ ಜಗಲಿಯ ಮೇಲೆ ಸುಮ್ಮನೆ ಕೂತಿರುತ್ತಿದ್ದಳು. ಏನಜ್ಜಿ ಅಂದರೆ “ಏನಿಲ್ಲ, ಬಿಸಿಲು” ಅನ್ನುತ್ತಿದ್ದಳು. ಒಂದು ದಿನ ಚಂದ್ರವ್ವ ಹಳೇ ಅಭ್ಯಾಸದಲ್ಲಿ ಪಕ್ಕದ ಮನೆಯವಳನ್ನು ಗೂಬೆ ಅಂದು “ನೀರು” ಅಂದಳು. “ಯಾವ ನೀರೇ?” ಅಂತ ಆಕೆ ಸೊಂಟದ ಮೇಲೆ ಕೈ ಇಟ್ಟಳು. ಇಬ್ಬರೂ ಮಾತು ಬಿಟ್ಟರು. ನಮ್ಮ ಬೀದಿಯಲ್ಲಿ ಇಬ್ಬರು ಮಾತು ಬಿಟ್ಟದ್ದು ಅದೇ ಮೊದಲು. ಎಲ್ಲರೂ ಕುತೂಹಲದಿಂದ ಬಾಗಿಲಲ್ಲಿ ನಿಂತು ನೋಡಿದೆವು.

ನನ್ನ ಕೆಂಡ ಮಾತ್ರ ಇದ್ದಲ್ಲೇ ಇತ್ತು. ದಿನಾ ಬೆಳಿಗ್ಗೆ ಎದ್ದು ಮೊದಲು ಅದು ಹೋಗಿದೆಯಾ ಅಂತ ನೋಡಿಕೊಳ್ಳುತ್ತಿದ್ದೆ. ಅತ್ತಿಗೆಯ ಬಳೆಯ ಸದ್ದು ಕೇಳುತ್ತಿದ್ದ ಹಾಗೆ ಅದು ಕಣ್ಣು ಬಿಡುತ್ತಿತ್ತು. ಜೌಗಿನಲ್ಲಿ ಎಲ್ಲೋ ಸೋರುತ್ತಿದೆ, ನೇರವಾಗಿ ನಮ್ಮ ಮನೆಗೇ ಬರುತ್ತಿದೆ ಅಂತ ನಾನು ಗಟ್ಟಿಮಾಡಿಕೊಂಡೆ. ಕೆಲಸ ಬಿಟ್ಟು ಹುಡುಕಲು ಹೋದೆ. ಜೊಂಡು ನನ್ನ ತಲೆಗಿಂತ ಎತ್ತರ ಬೆಳೆದಿತ್ತು. ಬುಡದಲ್ಲಿ ನೀರು ಹೋಗುತ್ತಿದೆಯೋ ನಿಂತಿದೆಯೋ ತಿಳಿಯದಷ್ಟು ನಿಧಾನ. ಸಣ್ಣ ಕಪ್ಪೆಗಳು, ಕೊಕ್ಕರೆ, ಕೊಳೆತ ಎಲೆಯ ವಾಸನೆ. ಮೇಲ್ಪೇಟೆಯ ಕಡೆ ನೀರಿನ ಮೇಲೆ ನೊರೆ ಇತ್ತು, ನಮ್ಮ ಕಡೆ ಇರಲಿಲ್ಲ. ಅಂಚು ಹಿಡಿದು ಪೂರ್ತಿ ಸುತ್ತಿದೆ. ಒಂದು ಏಡಿ ತೋಡಿದ ಬಿಲ ಕಂಡಿತು. ಇದೇ ಇರಬೇಕು ಅಂತ ಮಣ್ಣು ಮೆತ್ತಿ, ಮೇಲೆ ಕಲ್ಲಿಟ್ಟು, ಹಗುರಾಗಿ ಮನೆಗೆ ಬಂದೆ. ಹಿತ್ತಲಲ್ಲಿ ಅವ್ವ ಅತ್ತಿಗೆಯ ಹಣೆಯ ಬೆವರನ್ನು ತನ್ನ ಸೆರಗಿನಿಂದ ಒರೆಸುತ್ತಿದ್ದಳು.

ಮಾರನೆಯ ದಿನ ಮೇಸ್ತ್ರಿಯ ಹತ್ತಿರ ಹೋದೆ. “ಮಾವ, ಜೌಗು ಸೋರ್ತಿದೆ. ನಮ್ಮನೆಗೆ ಕೆಟ್ಟ ನೀರು ಬತ್ತಿದೆ.”

ಪಾಪಣ್ಣ ಮೇಸ್ತ್ರಿ ಗಾಬರಿಯಾದ. ಒಂದು ಹನಿಯೂ ಸೋರುವುದಿಲ್ಲ ಅಂತ ಅವನು ಎರಡು ಪೇಟೆಗೂ ಮಾತು ಕೊಟ್ಟಿದ್ದ. “ಎಂಥದು ಕೂಸೆ? ಸಿಟ್ಟಾ, ಅಳುವಾ?”

“ಎಂಥದೋ.”

“ಯಾರಿಗೆ ಬತ್ತಿದೆ?”

“ಮನೆಗೆ,” ಅಂದೆ.

ಅವನು ಗುಟ್ಟಾಗಿ ಬಂದು ನೋಡುತ್ತಾನೆ ಅಂದುಕೊಂಡಿದ್ದೆ. ಮರುದಿನ ಬಿಸಿಲೇರುವ ಹೊತ್ತಿಗೆ ಹಲಗಮ್ಮಜ್ಜಿಯ ಕೈ ಹಿಡಿದು ನಡೆಸಿಕೊಂಡು ಬಂದ. ಹಿಂದೆ ಅರ್ಧ ಬೀದಿ ಬಂತು. ಎಷ್ಟೋ ದಿನಗಳಿಂದ ಏನೂ ಬಾರದ ನೀರಿನಲ್ಲಿ ಏನೋ ಬಂದಿದೆ ಅಂದರೆ ಯಾರು ಸುಮ್ಮನಿರುತ್ತಾರೆ? ಅಜ್ಜಿಯನ್ನು ನಡುಮನೆಯಲ್ಲಿ ಚಾಪೆಯ ಮೇಲೆ ಕೂರಿಸಿದರು. ಅವ್ವ ಕುಡಿಯುವ ನೀರಿನ ಗಡಿಗೆಯಿಂದ ಲೋಟ ತುಂಬಿ ಕೊಟ್ಟಳು. ಅಜ್ಜಿ ಕುಡಿದು, ಬಾಯಿ ಚಪ್ಪರಿಸಿ, ಕಣ್ಣು ಮುಚ್ಚಿದಳು.

“ಏನಿಲ್ಲ,” ಅಂದಳು. “ಬರೀ ನೀರು.”

“ಸರ್ಯಾಗ್ ನೋಡಜ್ಜಿ,” ಅಂದ ಮೇಸ್ತ್ರಿ. ಬಾನಿಗೆ ಅಂತ ತಂದಿಟ್ಟ ನೀರು ಕೊಟ್ಟರು, ಬಚ್ಚಲ ಹಂಡೆಯದು ಕೊಟ್ಟರು. ಅಜ್ಜಿ ಮೂರೂ ಕುಡಿದು ತೇಗಿದಳು. “ಹೊಟ್ಟೆ ತುಂಬ್ತು ಕಣಪ್ಪ. ನೀರಲ್ಲಿ ಏನಿಲ್ಲ. ಇದ್ರೆ ಮನೇಲಿರೋ ಯಾರ್ದೋ ಸ್ವಂತದ್ದಿರಬೇಕು.”

ಸ್ವಂತದ್ದು ಅನ್ನುವ ಮಾತನ್ನು ಅವಳು ಹೊಲವೋ ಮನೆಯೋ ಇದ್ದ ಹಾಗೆ ಸಲೀಸಾಗಿ ಅಂದುಬಿಟ್ಟಳು. ಬಾಗಿಲಲ್ಲಿ ಯಾರೋ ಕಿಸಕ್ಕೆಂದರು. “ಗೌರಕ್ಕನ ಮನೇಲಿ ಆಸ್ತಿ ಸಿಕ್ತು ಕಣ್ರೋ!” ಅಂದಳು ಚಂದ್ರವ್ವ. ಅವ್ವ ಅಣ್ಣನನ್ನು ನೋಡಿದಳು. ಅಣ್ಣ ಅತ್ತಿಗೆಯನ್ನು ನೋಡಿದ. ಮೇಸ್ತ್ರಿ ನನ್ನನ್ನು ನೋಡಿದ. ಆಮೇಲೆ ಎಲ್ಲರೂ ಅವನು ನೋಡಿದ ಕಡೆ ನೋಡಿದರು.

ಶಾಲೆಯಲ್ಲಿ ಮೇಷ್ಟ್ರು ಎಬ್ಬಿಸಿ ನಿಲ್ಲಿಸಿದ ಹಾಗಾಯಿತು. ಹೊರಗೆ ಓಡಲು ಬಾಗಿಲ ತುಂಬ ಜನ. ಅತ್ತಿಗೆ ನನ್ನ ಎದುರಿಗೆ ಬಂದು ನಿಂತಳು.

“ಏನದು ದೇವೀರಿ?”

“ಹೊಟ್ಟೆಕಿಚ್ಚು,” ಅಂದೆ.

“ಯಾರ ಮೇಲೆ?”

“ನಿನ್ ಮೇಲೆ ಅತ್ತಿಗೆ. ಬಂದ ದಿನದಿಂದ.”

ಬಾಯಿ ತಾನಾಗಿಯೇ ‘ನೀರು’ ಅನ್ನಲು ತೆರೆದುಕೊಂಡಿತು. ಮುಚ್ಚಿಕೊಂಡೆ. ಇಡೀ ಮಳೆಗಾಲ ನಾನಂದ ಒಂದೊಂದು ಮಾತೂ ಅತ್ತಿಗೆಯ ಮುಖದಲ್ಲಿ ವಾಪಸು ಬರುತ್ತಿರುವುದು ಕಂಡಿತು. ನಗು, ಓದು, ಬಾನಿ. ಅವಳು ಅದನ್ನೆಲ್ಲ ಒಂದೊಂದಾಗಿ ಹರಿಯಲು ಬಿಟ್ಟಿದ್ದಳು, ಈಗ ಒಂದೊಂದಾಗಿ ಎತ್ತಿಟ್ಟುಕೊಳ್ಳುತ್ತಿದ್ದಳು. ಮೇಸ್ತ್ರಿ ಕೆಮ್ಮಿ, “ಹಂಗಾದ್ರೆ ನನ್ ಜೌಗು ಸೋರ್ತಿಲ್ಲ,” ಅಂದು ಅಜ್ಜಿಯನ್ನು ಎಬ್ಬಿಸಿಕೊಂಡು ಹೊರಟ.

ಆ ದಿನ ಮನೆಯಲ್ಲಿ ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಾನು ಹಿತ್ತಲಲ್ಲಿ ಒಣಗಿದ ಬೇರುಗಳನ್ನು ಸುಮ್ಮನೆ ಜಜ್ಜುತ್ತ ಕೂತಿದ್ದೆ. ಅವ್ವ ಬಂದು ಎದುರಿಗೆ ಕೂತಳು.

“ಬಾನಿಗೆ ಅವ್ಳನ್ನ ಕೂರಿಸ್ದೆ ಅಂತಾನಾ?”

“ಅದೂ.”

“ನಿಂಗ್ ಬೇಕು ಅಂತ ಅನ್ಲಿಲ್ಲವಲ್ಲೇ.”

“ನಾನು ಪಕ್ಕದಲ್ಲೇ ಇದ್ನಲ್ಲವ್ವ.”

“ಇದ್ದೆ. ಮುಖ ಗಂಟಿಕ್ಕೊಂಡು ಇದ್ದೆ. ಬಾನಿ ಕಂಡ್ರೆ ಆಗದ ನೀರು ಯಾವ್ದೋ ಬಂದಿರಬೇಕು ಅನ್ಕೊಂಡೆ.” ಅವ್ವ ಒಂದು ಬೇರು ಎತ್ತಿಕೊಂಡು ಸಿಪ್ಪೆ ಕೀಳುತ್ತಿದ್ದಳು. “ಹುಟ್ಟಿದಾಗಿಂದ ಎಲ್ಲಾರೂ ಎಲ್ಲಾನೂ ಹೊಳೆ ಮೇಲೆ ಹಾಕಿದ್ವು. ನಿನ್ ಮುಖದಲ್ಲಿ ನಿಂದ್ಯಾವ್ದು, ಮೇಲಿಂದ ಬಂದಿದ್ದ್ಯಾವ್ದು ಅಂತ ನಂಗೆ ಹೆಂಗ್ ಗೊತ್ತಾಗ್ಬೇಕು ಮಗ?”

“ನಂಗೆ ಬಾನಿ ಬೇಕು,” ಅಂದೆ. ಅಳು ಬಂತು.

ಅವ್ವನ ಕೈ ನಿಂತಿತು. “ಈಗ ಅವ್ಳು ಕೂತವ್ಳೆ. ಅವ್ಳನ್ನೇ ಕೇಳು.”

ಕೇಳಲು ಹೋದೆ. ಅತ್ತಿಗೆ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದಳು. ತಿರುಗಿ ನೋಡದೆ ಕೇಳಿಸಿಕೊಂಡಳು. “ಕೊಡಲ್ಲ,” ಅಂದಳು. “ನಂಗೂ ಇಷ್ಟ ಅದು. ಮೇಲ್ಪೇಟೇಲಿ ನಂಗೆ ಏನೂ ಬರ್ತಿರ್ಲಿಲ್ಲ, ಇಲ್ಲಿ ಬಂದು ಅದೊಂದು ಬಂತು.” ರೊಟ್ಟಿ ತಿರುವಿದಳು. “ನಿನ್ ಮೇಲೆ ಸಿಟ್ಟೂ ಇದೆ ನಂಗೆ. ಅದು ಬೇಗ ಹೋಗಲ್ಲ. ಬೇಕಾದ್ರೆ ಇನ್ನೊಂದು ಮಣೆ ತಗೊಂಡು ಆ ಕಡೆ ಕೂತ್ಕೊ.”

ಕೂತೆ. ಬಾನಿಯ ಈಚೆಗೆ ನಾನು, ಆಚೆಗೆ ಅವಳು. ಅವಳು ಲಡಿಯನ್ನು ಒಂದೇ ಸಲ ಮುಳುಗಿಸುತ್ತಿದ್ದಳು, ನನ್ನದು ಒಂದು ಕಡೆ ತೇಲುತ್ತಿತ್ತು. ಅವಳು ಅದನ್ನು ನೋಡಿಯೂ ಸುಮ್ಮನಿರುತ್ತಿದ್ದಳು. ಅವ್ವ ನಡುವೆ ನಿಂತು ಇಬ್ಬರಿಗೂ ಹೇಳುತ್ತಿದ್ದಳು. ಅವಳಿಗೆ ಹೆಚ್ಚು ಹೇಳಿದಳಾ, ನನಗೆ ಹೆಚ್ಚು ಹೇಳಿದಳಾ ಅಂತ ನಾನು ನೋಡುತ್ತಲೇ ಇದ್ದೆ. ಸಂಜೆ ಇಬ್ಬರೂ ಹೊಳೆಯ ಬೇರೆ ಬೇರೆ ಮೆಟ್ಟಿಲಲ್ಲಿ ಕೈ ತೊಳೆದುಕೊಳ್ಳುತ್ತಿದ್ದೆವು. ನನ್ನ ಕೈಯ ಕೆಂಪು ನೀರಿನಲ್ಲಿ ಎಳೆಯಾಗಿ ಕೆಳಗೆ ಹೋಗುವುದನ್ನು ನೋಡುತ್ತ ಕೂರುತ್ತಿದ್ದೆ. ಎಲ್ಲಿಗೆ ಹೋಗುತ್ತದೆ ಅಂತ ಯೋಚಿಸಿರಲಿಲ್ಲ.

ಹೀಗೆ ಇರುವಾಗ ಒಂದು ಬೆಳಿಗ್ಗೆ ಸೌತೆಕಾಯಿ ಬುಟ್ಟಿ ಹೊತ್ತ ಹೆಂಗಸೊಬ್ಬಳು ನಮ್ಮ ಹಿತ್ತಲ ಬೇಲಿಯ ಹತ್ತಿರ ಬಂದು ನಿಂತಳು. ಹೊಳೆ ಇನ್ನೂ ಕೆಳಗೆ ತಿರುಗುವಲ್ಲಿ ಮರಳ ಮೇಲೆ ಸೌತೆ, ಕಲ್ಲಂಗಡಿ ಬೆಳೆಯುವವರ ಒಂದು ಹಟ್ಟಿ ಇದೆ ಅಂತ ಕೇಳಿದ್ದೆ. ಅಲ್ಲಿಗೆ ನಮ್ಮವರು ಯಾರೂ ಹೋಗುತ್ತಿರಲಿಲ್ಲ. ಅವಳು ಬುಟ್ಟಿ ಇಳಿಸಲಿಲ್ಲ.

“ನನ್ ಹೆಸ್ರು ಕೆಂಚಕ್ಕ ಅಂತ, ಹಟ್ಟಿಯೋಳು,” ಅಂದಳು. “ಬೇಜಾರ್ ಮಾಡ್ಕೋಬೇಡಿ ತಾಯಿ. ನಿಮ್ ಬೀದೀಲಿ ಯಾರಿಗೋ ಹೊಟ್ಟೆ ಉರೀತಾ ಇದೆಯಲ್ವಾ?”

ಅತ್ತಿಗೆಯ ಕೈಯಲ್ಲಿದ್ದ ಲಡಿ ಹಾಗೇ ನಿಂತಿತು.

“ಮೊದ್ಲೆಲ್ಲ ನೂರೆಂಟು ಸೇರ್ಕೊಂಡು ಬರ್ತಿತ್ತು, ಗುರುತು ಹತ್ತುತ್ತಿರಲಿಲ್ಲ. ಈಗ ನೀರು ತಿಳಿಯಾಗಿದೆ ನೋಡಿ, ಒಂದೇ ಒಂದು ಬರ್ತದೆ. ದಿನಾ ಅದೇ.”

“ಹೆಂಗಿರ್ತದೆ?” ಅಂತ ಕೇಳಿದೆ. ನನ್ನ ದನಿ ನನಗೇ ಕೇಳಿಸಲಿಲ್ಲ, ಮತ್ತೆ ಕೇಳಿದೆ.

ಕೆಂಚಕ್ಕ ಯೋಚಿಸಿದಳು. “ಒಳಗೆ ಎಲ್ಲಾ ಉಣ್ತಾ ಇರ್ತಾರೆ, ನೀವು ಹೊರಗಿರ್ತೀರ. ಬಾಗಿಲು ತೆಗ್ದೇ ಇರ್ತದೆ. ಆದ್ರೂ ಒಳಕ್ಕೆ ಹೋಗಕ್ಕಾಗಲ್ಲ. ಹಂಗೆ.” ತಲೆಯ ಮೇಲಿನ ಬುಟ್ಟಿ ಸರಿಮಾಡಿಕೊಂಡಳು. “ನನ್ ತಂಗಿ ಬಸುರಿ, ಹೆರಿಗೆಗೆ ಅಂತ ಬಂದವ್ಳೆ. ಅವ್ವ ಅವಳಿಗೆ ಒಂದು ತುತ್ತು ಜಾಸ್ತಿ ಇಕ್ಕಿದ್ರೆ ನಂಗೆ ತಡ್ಯಕ್ಕಾಗ್ತಿಲ್ಲ. ಮೊನ್ನೆ ಏನೇನೋ ಅಂದ್ಬಿಟ್ಟೆ. ಅವ್ಳು ಊಟ ಬಿಟ್ಟು ಕೂತವ್ಳೆ. ನಂದಲ್ಲ ಕಣೇ ಅಂದ್ರೆ ನಂಬಲ್ಲ. ನಮ್ ಕಡೆ ಹಂಗೆ ಹೇಳೋ ರೂಢಿ ಇಲ್ಲ.”

ಅವ್ವ ನನ್ನ ಕಡೆ ನೋಡಲಿಲ್ಲ. ಅತ್ತಿಗೆಯೂ ನೋಡಲಿಲ್ಲ. ಇಬ್ಬರೂ ನನಗಾಗಿ ಬಾನಿಯೊಳಗೆ ನೋಡುತ್ತಿದ್ದರು.

“ಅದು ನಂದು ಅಕ್ಕ,” ಅಂದೆ.

ಕೆಂಚಕ್ಕ ನನ್ನ ತೊಯ್ದ ಕೈ, ಲಂಗ, ಮುಖ ನೋಡಿದಳು. ಬೈಯುತ್ತಾಳೆ ಅಂದುಕೊಂಡೆ. “ಇಷ್ಟು ಚಿಕ್ಕೋಳಾ?” ಅಂದಳು. “ಹಂಗಾದ್ರೆ ಬಾ ತಾಯಿ, ನೀನೇ ಬಂದು ನಮ್ ಹುಡ್ಗೀಗೆ ಹೇಳು.”

ಜೌಗು ಬಿಟ್ಟರೆ ಬೀದಿ ದಾಟಿ ಒಬ್ಬಳೇ ಎಲ್ಲಿಗೂ ಹೋದವಳಲ್ಲ ನಾನು. ಕೈ ಒರೆಸಿಕೊಂಡು ಎದ್ದೆ. ಅತ್ತಿಗೆ ನನ್ನ ಲಡಿಯನ್ನೂ ತನ್ನ ಕಡೆ ಎಳೆದುಕೊಂಡಳು, ಕೆಡದಿರಲಿ ಅಂತ. ಅದಕ್ಕೂ ನನಗೆ ಒಂದು ಕ್ಷಣ ಉರಿಯಿತು. ಕೆಂಚಕ್ಕನ ಹಿಂದೆ ಹೊಳೆಯಂಚು ಹಿಡಿದು ನಡೆದೆ. ಎಷ್ಟು ದೂರ ಹೋದರೂ ಪಕ್ಕದಲ್ಲಿ ಅದೇ ತಿಳಿನೀರು, ನನ್ನ ಜೊತೆಗೇ ಬರುತ್ತಿತ್ತು. ದಾರಿಯುದ್ದಕ್ಕೂ ಏನು ಹೇಳಬೇಕು ಅಂತ ಮನಸ್ಸಿನಲ್ಲೇ ಹೇಳಿಕೊಂಡೆ. ಹೇಳಿಕೊಂಡದ್ದೆಲ್ಲ ಮುಂದಿನ ತಿರುವಿನಲ್ಲಿ ಮರೆಯುತ್ತಿತ್ತು.

ಮರಳ ಮೇಲೆ ಸೌತೆಬಳ್ಳಿ, ಆಚೆ ನಾಲ್ಕು ಗುಡಿಸಲು. ಚಪ್ಪರದ ನೆರಳಲ್ಲಿ ತುಂಬಿದ ಹೊಟ್ಟೆಯ ಹುಡುಗಿಯೊಬ್ಬಳ ಮುಂದೆ ಅನ್ನದ ತಟ್ಟೆ ಆರಿಹೋಗಿತ್ತು. ಅಕ್ಕನನ್ನು ಕಂಡು ಮುಖ ತಿರುಗಿಸಿದಳು. ಕೆಂಚಕ್ಕ ಸ್ವಲ್ಪ ದೂರದಲ್ಲೇ ನಿಂತು ನನ್ನನ್ನು ಮುಂದೆ ಕಳಿಸಿದಳು.

“ಅವತ್ತು ನಿಮ್ಮಕ್ಕ ಅಂದಿದ್ದು ಅವ್ರದಲ್ಲ,” ಅಂದೆ. “ನಂದು. ನಂಗೆ ನಮ್ಮ ಅತ್ತಿಗೆ ಕಂಡ್ರೆ ಹೊಟ್ಟೆ ಉರೀತದೆ. ಈಗ್ಲೂ ಉರೀತಿದೆ. ಅದು ಹೊಳೇಲಿ ನಿಮ್ಗೆ ಬರ್ತದೆ ಅಂತ ಗೊತ್ತಿರ್ಲಿಲ್ಲ.” ದಾರಿಯಲ್ಲಿ ಕಲಿತದ್ದು ಒಂದೂ ಇದರಲ್ಲಿ ಇರಲಿಲ್ಲ.

ಆ ಹುಡುಗಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ನಾನು ಯಾವತ್ತೂ ಕಣ್ಣಾರೆ ಕಾಣದ ಆ ಮೇಲಿನ ಹುಡುಗಿಯನ್ನು ನಾನು ಮನಸ್ಸಿನಲ್ಲೇ ಹೇಗೆ ನೋಡುತ್ತಿದ್ದೆನೋ ಹಾಗೆಯೇ ನೋಡಿದಳು.

“ನೀನು ಮೇಲ್ಪೇಟೆಯೋಳಾ?” ಅಂತ ಕೇಳಿದಳು.

ಅಲ್ಲ, ನಾವು ಕೆಳಪೇಟೆಯವರು ಅನ್ನಲು ಹೊರಟೆ. ಅವಳು ಕೂತಿದ್ದ ಜಾಗದಿಂದ ಒಮ್ಮೆ ತಿರುಗಿ ಹೊಳೆಯನ್ನು ನೋಡಿದೆ. ನಮ್ಮ ಬೀದಿಯ ಹೊಗೆ ಅಲ್ಲಿ, ಎತ್ತರದಲ್ಲಿ ಕಾಣುತ್ತಿತ್ತು.

“ಹೂಂ,” ಅಂದೆ. “ಮೇಲಿನೋಳು.”